ನಾಲ್ಕು ತಾಲ್ಲೂಕು, ಒಂದು ಟಿ.ವಿ.

ನಮ್ಮ ರೂಮಿನಲ್ಲಿ ಯಾರಿಗೂ ಸ್ವಂತ ಹೆಸರಿಲ್ಲ. ಬಿ.ಇ. ಓದಲು ದಾವಣಗೆರೆಗೆ ಬಂದ ನಾಲ್ವರು ಸೇರಿ ಹಿಡಿದ ಬಾಡಿಗೆ ರೂಮು ಅದು. ಒಬ್ಬ ಚನ್ನಗಿರಿ, ಒಬ್ಬ ಹೊನ್ನಾಳಿ, ಒಬ್ಬ ಜಗಳೂರು. ನಾನು ನ್ಯಾಮತಿ. ‘ಲೇ ಹೊನ್ನಾಳಿ, ಕುಕ್ಕರ್ ಇಟ್ಯೇನೋ?’, ‘ಜಗಳೂರು ಸ್ನಾನಕ್ಕೆ ಹೋಗಿದಾನೆ, ಚನ್ನಗಿರಿ ಇನ್ನೂ ಎದ್ದಿಲ್ಲ’ ಎಂದು ನಾವು ಮಾತಾಡುವುದನ್ನು ಹೊರಗಿನವರು ಕೇಳಿದರೆ, ಬಸ್ ಸ್ಟ್ಯಾಂಡಿನಲ್ಲಿ ಮೈಕು ಕೂಗುತ್ತಿದೆ ಅಂದುಕೊಳ್ಳಬೇಕು.

ಹೊನ್ನಾಳಿಗೂ ನನಗೂ ಹಳೇ ಬಾಕಿ ಇದೆ. ನ್ಯಾಮತಿ ಮೊದಲು ಹೊನ್ನಾಳಿ ತಾಲ್ಲೂಕಿನ ಒಳಗೇ ಇತ್ತು. ಈಗ ಬೇರೆ ತಾಲ್ಲೂಕು ಆದರೂ ಎರಡಕ್ಕೂ ಸೇರಿ ಎಂಎಲ್ಎ ಒಬ್ಬರೇ. ‘ನಿಮಗೆ ತಾಲ್ಲೂಕು ಬಿಟ್ಟುಕೊಟ್ಟೋರು ನಾವು, ಪಾತ್ರೆನಾದ್ರೂ ತೊಳಿ’ ಎನ್ನುವುದು ಅವನ ವಾದ. ಚನ್ನಗಿರಿ ಅಡಿಕೆ ಬೆಳೆಗಾರರ ಮನೆಯವನು. ರಾಶಿ ಅಡಿಕೆ ರೇಟು ಏರಿದ ವಾರ ಅವನೇ ಬೆಣ್ಣೆದೋಸೆ ಕೊಡಿಸಬೇಕು, ಇದು ರೂಮಿನ ಕಾಯ್ದೆ. ಜಗಳೂರಿನ ಹೆಸರಿನಲ್ಲಿ ಜಗಳ ಇದ್ದರೂ ಮನುಷ್ಯ ಮಾತ್ರ ಮಹಾ ಮೌನಿ. ಖೊ–ಖೊ ಆಡುತ್ತಾನೆ. ಅವನ ಬಗ್ಗೆ ಮುಂದೆ ಹೇಳುತ್ತೇನೆ.

ರೂಮಿನಲ್ಲಿ ಟಿ.ವಿ. ಇಲ್ಲ. ಮೂಲೆಯ ಮಂಡಕ್ಕಿ ಅಂಗಡಿಯಲ್ಲಿ ಇದೆ. ಅಂಗಡಿಯ ಅಣ್ಣನದು ಒಂದೇ ಷರತ್ತು: ಇನಿಂಗ್ಸಿಗೆ ಒಂದು ಪ್ಲೇಟ್ ಖಾರ ಮಂಡಕ್ಕಿ, ಎರಡು ಮಿರ್ಚಿ. ಟೆಸ್ಟ್ ಮ್ಯಾಚ್ ಇದ್ದರೆ ನಮ್ಮ ಹೊಟ್ಟೆ ಗತಿ ದೇವರೇ ಬಲ್ಲ. ಕ್ರಿಕೆಟ್ ಇಲ್ಲದ ದಿನ ಅಣ್ಣ ನ್ಯೂಸ್ ಚಾನೆಲ್ ಹಾಕುತ್ತಾನೆ. ಹಾಗಾಗಿ ಕಳೆದ ಎರಡು ವರ್ಷದಲ್ಲಿ ನಾನು ಕಲಿತ ರಾಜಕೀಯವೂ ಕ್ರಿಕೆಟ್ಟೂ ಒಂದೇ ಪರದೆಯಿಂದ, ಒಂದೇ ಬೆಂಚಿನ ಮೇಲೆ ಕುಳಿತು, ಒಂದೇ ಮಿರ್ಚಿಯ ಖಾರದಲ್ಲಿ ಕಲಿತದ್ದು. ಎರಡೂ ಒಂದರೊಳಗೊಂದು ಕಲಸಿಹೋಗಿದ್ದರೆ ಅದು ನನ್ನ ತಪ್ಪಲ್ಲ.

ನನ್ನ ಮೊದಲ ಓಟು 2024ರ ಮೇ 7ರಂದು. ಊರಿಗೆ ಹೋಗಿ ಹಾಕಿ ಬಂದೆ. ನಮ್ಮ ನಾಲ್ಕೂ ತಾಲ್ಲೂಕು ದಾವಣಗೆರೆ ಲೋಕಸಭಾ ಕ್ಷೇತ್ರಕ್ಕೇ ಸೇರಿದವು, ಆದ್ದರಿಂದ ರೂಮಿನಲ್ಲಿ ನಾಲ್ವರೂ ಒಂದೇ ಪಂದ್ಯದ ಪ್ರೇಕ್ಷಕರು. ಜೂನ್ 4ರಂದು ಎಣಿಕೆ. ಬೆಳಿಗ್ಗೆ ಎಂಟಕ್ಕೇ ಬೆಂಚು ಹಿಡಿದೆವು. ಒಬ್ಬೊಬ್ಬ ನಿರೂಪಕರೂ ಎದ್ದು ನಿಂತು, ಗಂಟಲ ನರ ಉಬ್ಬಿಸಿ, ‘ಪವರ್‌ಪ್ಲೇ’, ‘ಕ್ಲೀನ್ ಬೌಲ್ಡ್’, ‘ಕೊನೇ ಓವರ್ ಥ್ರಿಲ್ಲರ್’ ಎನ್ನುತ್ತಿದ್ದರು. ಕೊನೆಗೆ ಕಾಂಗ್ರೆಸ್ಸಿನ ಪ್ರಭಾ ಮಲ್ಲಿಕಾರ್ಜುನ್ ಅವರು ಬಿಜೆಪಿಯ ಗಾಯತ್ರಿ ಸಿದ್ದೇಶ್ವರ ಅವರ ವಿರುದ್ಧ 26 ಸಾವಿರ ಚಿಲ್ಲರೆ ಮತಗಳಿಂದ ಗೆದ್ದರು. ನಮ್ಮಲ್ಲಿ ಇಬ್ಬರು ಕೂಗಿದರು, ಒಬ್ಬ ಮುಖ ಇಳಿಬಿಟ್ಟ. ಜಗಳೂರು ಮಿರ್ಚಿ ತಿಂದ.

ಎಣಿಕೆ ಕೇಂದ್ರದ ರೋಚಕತೆಯನ್ನು ಜಗಳೂರಿಗೆ ಹೇಳಿಕೊಡಬೇಕಾಗಿಯೂ ಇಲ್ಲ. 2023ರ ವಿಧಾನಸಭಾ ಚುನಾವಣೆಯಲ್ಲಿ ಅವರ ಕ್ಷೇತ್ರ ಸಾವಿರಕ್ಕೂ ಕಡಿಮೆ ಮತಗಳಲ್ಲಿ ತೀರ್ಮಾನವಾದದ್ದು. ಕೊನೇ ಬಾಲಿಗೆ ಸಿಕ್ಸ್ ಬೇಕು ಅನ್ನುವಂಥ ಪಂದ್ಯ. ‘ಅವತ್ತು ನಿಮ್ಮೂರಲ್ಲಿ ಹೆಂಗಿತ್ತೋ?’ ಅಂತ ಕೇಳಿದೆ. ‘ಕರೆಂಟ್ ಇರ್ಲಿಲ್ಲ’ ಅಂದ.

ಕ್ರಿಕೆಟ್ ಮಾತಿನಲ್ಲಿ ರಾಜಕೀಯ ಹೇಳುವುದಕ್ಕೆ ನನ್ನ ತಕರಾರಿಲ್ಲ. ನನ್ನ ತಕರಾರು ಏನೆಂದರೆ, ಅರ್ಧ ಮಾತ್ರ ಎರವಲು ತರುತ್ತಾರೆ ಎಂಬುದು. ಕ್ರಿಕೆಟ್ಟಿನಲ್ಲಿ ಕೂಗಾಟ ಮಾತ್ರ ಇಲ್ಲ ಸ್ವಾಮಿ, ಮೂರನೇ ಅಂಪೈರ್ ಇದ್ದಾರೆ. ಬಾಲು ಎಲ್ಲಿ ಪಿಚ್ ಆಯಿತು, ಬ್ಯಾಟಿಗೆ ತಾಗಿತೋ ಇಲ್ಲವೋ ಎಂದು ಹತ್ತು ಸಲ ತೋರಿಸುತ್ತಾರೆ. ಅಂಪೈರ್ ತಪ್ಪು ಮಾಡಿದ್ದರೆ ಎಲ್ಲರ ಮುಂದೆ ತೀರ್ಪು ಬದಲಿಸುತ್ತಾರೆ. ಚರ್ಚೆಯಲ್ಲಿ ಆರು ಕಿಟಕಿಯಲ್ಲಿ ಆರು ಜನ ಕೂತು ಅರಚುವಾಗ, ‘ಐದು ವರ್ಷದ ಹಿಂದೆ ಇವರೇ ಏನು ಹೇಳಿದ್ದರು, ರಿವ್ಯೂ ತಗೊಳ್ಳೋಣ’ ಅಂತ ಒಂದು ಸಲವಾದರೂ ತೋರಿಸಬಾರದೇ?

ಇನ್ನೊಂದು, ಪಿಚ್ ರಿಪೋರ್ಟ್. ಟಾಸಿಗೆ ಮುಂಚೆ ಹಳೇ ಆಟಗಾರರೊಬ್ಬರು ಬಗ್ಗಿ, ಬೀಗದ ಕೈಯಿಂದ ನೆಲ ಕೆದಕಿ, ಬಿರುಕು ಎಷ್ಟಿದೆ, ತೇವ ಎಷ್ಟಿದೆ ಅಂತ ಹೇಳುತ್ತಾರಲ್ಲ, ಚುನಾವಣೆಗೆ ಮುಂಚೆ ಅಂಥ ರಿಪೋರ್ಟು ಯಾರೂ ಕೊಡುವುದಿಲ್ಲ. ಜಗಳೂರಿನ ನೆಲ ಕೆದಕಿದರೆ ಎಷ್ಟು ಅಡಿಗೆ ನೀರು? ಕೆರೆಗಳಿಗೆ ತುಂಗಭದ್ರೆಯ ನೀರು ಎಷ್ಟು ಬಂತು? ಚನ್ನಗಿರಿಯಲ್ಲಿ ಸೂಳೆಕೆರೆ ಸಮುದ್ರದ ಹಾಗೆ ಇದ್ದರೂ 2024ರ ಬೇಸಿಗೆಯಲ್ಲಿ ನಮ್ಮ ಚನ್ನಗಿರಿಯ ಅಪ್ಪ ಟ್ಯಾಂಕರ್ ನೀರು ತರಿಸಿ ತೋಟ ಉಳಿಸಿಕೊಂಡರು. ನಮ್ಮ ಮನೆಯಲ್ಲಿ ಮೆಕ್ಕೆಜೋಳ. 2025ರಲ್ಲಿ ಬೆಂಬಲ ಬೆಲೆ ಕ್ವಿಂಟಲ್‌ಗೆ 2,400 ರೂಪಾಯಿ ಅಂತ ಕೇಂದ್ರ ಹೇಳಿತ್ತು. ಮಾರುಕಟ್ಟೆಯ ರೇಟು ಅದಕ್ಕಿಂತ ಕೆಳಗೆ ಜಾರಿತು. ನಮ್ಮಪ್ಪ ಆ ಸುದ್ದಿಗೆ ಅಂತ ರಾತ್ರಿ ಟಿ.ವಿ. ಮುಂದೆ ಕೂರುತ್ತಾರೆ. ಯಾವನೋ ಆಟಗಾರ ಹೊಸ ಥರ ಕೂದಲು ಕತ್ತರಿಸಿಕೊಂಡದ್ದನ್ನು ತೋರಿಸುತ್ತಾರೆ. ‘ಇವನ ತಲೆಗೆ ಬೆಂಬಲ ಬೆಲೆ ಎಷ್ಟಂತೆ ಕೇಳು’ ಅಂತಾರೆ ಅಪ್ಪ.

ಇಷ್ಟೆಲ್ಲ ಬೈದರೂ ಟಿ.ವಿ.ಯ ಒಂದು ಉಪಕಾರ ನೆನೆಯಲೇಬೇಕು: ಕನ್ನಡ ಕಾಮೆಂಟರಿ. ವಿಜಯ್ ಭಾರದ್ವಾಜ್, ಕಡೂರಿನ ವೇದಾ ಕೃಷ್ಣಮೂರ್ತಿ ಅವರ ಬಾಯಲ್ಲಿ ಆಟ ಕೇಳುವುದು ಬೇರೆಯೇ ಸುಖ. ನಮ್ಮ ಅಜ್ಜಿಗೆ ಈಗ ಎಲ್‌ಬಿಡಬ್ಲ್ಯು ಅಂದರೇನು ಗೊತ್ತು. ನಾನು ಇದನ್ನು ಹೇಳಿದಾಗಲೆಲ್ಲ ಚನ್ನಗಿರಿ ಮೈಮೇಲೆ ಬಂದವನಂತೆ ಎದ್ದು ಕೂರುತ್ತಾನೆ. ‘ಇದೇನು ಮಹಾ! ನಮ್ಮ ತಾಲ್ಲೂಕಿನ ಕಾರಿಗನೂರಿನ ಜೆ.ಎಚ್. ಪಟೇಲರು 1967ರಲ್ಲೇ ಲೋಕಸಭೆಯಲ್ಲಿ ಕನ್ನಡದಾಗೆ ಮಾತಾಡಿದ್ರು. ಅದಕ್ಕಿಂತ ಮುಂಚೆ ಅಲ್ಲಿ ಯಾರೂ ಮಾತಾಡಿರ್ಲಿಲ್ಲ’. ಆಮೇಲೆ ಅವರು ಮುಖ್ಯಮಂತ್ರಿಯಾಗಿದ್ದಾಗ, 1997ರಲ್ಲಿ, ದಾವಣಗೆರೆ ಜಿಲ್ಲೆಯೂ ಆಯಿತು. ಅಂದರೆ ನಾವು ನಾಲ್ವರು ಒಂದೇ ಜಿಲ್ಲೆಯವರು ಅನ್ನಿಸಿಕೊಂಡದ್ದಕ್ಕೂ ಚನ್ನಗಿರಿಯವರೇ ಕಾರಣ ಅಂತ ಅವನ ಲೆಕ್ಕ. ಆ ದಿನ ಬೆಣ್ಣೆದೋಸೆ ಬಿಲ್ಲು ನಮ್ಮ ತಲೆಗೆ.

ನಮ್ಮ ಜಿಲ್ಲೆಯ ಹೆಸರನ್ನು ಮೈದಾನದಲ್ಲಿ ಓಡಿಸಿದವರು ಆರ್. ವಿನಯ್ ಕುಮಾರ್. ಆಟೊ ಓಡಿಸುತ್ತಿದ್ದವರ ಮಗ, ‘ದಾವಣಗೆರೆ ಎಕ್ಸ್‌ಪ್ರೆಸ್’. ನಾಯಕನಾಗಿ 2013–14 ಮತ್ತು 2014–15ರಲ್ಲಿ ಸತತ ಎರಡು ರಣಜಿ ಟ್ರೋಫಿ ತಂದವರು. ಎರಡನೆಯ ಫೈನಲ್ಲಿನಲ್ಲಿ ತಮಿಳುನಾಡಿನ ವಿರುದ್ಧ ಐದು ವಿಕೆಟ್ ಕಿತ್ತು, ಶತಕವನ್ನೂ ಹೊಡೆದರು. ಪ್ರಥಮ ದರ್ಜೆ ಕ್ರಿಕೆಟ್ಟಿನಲ್ಲಿ 500ಕ್ಕೂ ಹೆಚ್ಚು ವಿಕೆಟ್. ಆದರೆ ಮೊಬೈಲಿನಲ್ಲಿ ಅವರ ಹೆಸರು ಹುಡುಕಿ ನೋಡಿ: 2013ರಲ್ಲಿ ಬೆಂಗಳೂರಿನಲ್ಲಿ ರೋಹಿತ್ ಶರ್ಮಾ 209 ಹೊಡೆದ ದಿನ ವಿನಯ್ ಒಂಬತ್ತು ಓವರಿಗೆ 102 ರನ್ ಕೊಟ್ಟದ್ದು ಬರುತ್ತದೆ. ಅವತ್ತು ಭಾರತ ಗೆದ್ದಿತ್ತು ಎಂಬುದು ಯಾರಿಗೂ ನೆನಪಿಲ್ಲ. ರಣಜಿ ಪಂದ್ಯಗಳ ಬೆಳಗಿನ ಹತ್ತು ಓವರುಗಳನ್ನು ಯಾರೂ ನೋಡಲಿಲ್ಲ. ಆ ಒಂದು ಸಂಜೆಯನ್ನು ದೇಶವೆಲ್ಲ ನೋಡಿತು. ಕ್ಯಾಮೆರಾ ಇದ್ದಾಗ ಆದದ್ದೇ ಚರಿತ್ರೆ. ಕ್ಯಾಂಪಸ್ ಇಂಟರ್‌ವ್ಯೂ ಬಗ್ಗೆ ಯೋಚಿಸುವಾಗ ನನಗೆ ಇದು ಆಗಾಗ ನೆನಪಾಗುತ್ತದೆ. ಆರು ಸೆಮಿಸ್ಟರ್ ಓದಿದ್ದನ್ನು ಬಿಟ್ಟು, ಇಪ್ಪತ್ತು ನಿಮಿಷ ತೊದಲಿದ್ದನ್ನೇ ಬರೆದುಕೊಳ್ಳುತ್ತಾರಂತೆ.

ಈಗ 2025ರ ಜೂನ್ 3ಕ್ಕೆ ಬರುತ್ತೇನೆ. ನಾನು ಬರೆಯಲು ಕೂತದ್ದೇ ಅದಕ್ಕೆ. ಇಷ್ಟು ಹೊತ್ತು ಪ್ಯಾಡ್ ಕಟ್ಟಿಕೊಳ್ಳುತ್ತಿದ್ದೆ.

ಹದಿನೆಂಟನೇ ಐಪಿಎಲ್‌ನ ಫೈನಲ್. ಅಹಮದಾಬಾದ್. ಆರ್‌ಸಿಬಿ 9 ವಿಕೆಟಿಗೆ 190. ಪಂಜಾಬ್‌ಗೆ ಕೊನೇ ಓವರಿನಲ್ಲಿ 29 ಬೇಕು. ಹೇಜಲ್‌ವುಡ್ ಕೈಯಲ್ಲಿ ಬಾಲು. ಮೊದಲ ಎರಡು ಬಾಲು ಖಾಲಿ ಹೋದಾಗಲೇ ಕೊಹ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದರು; ಮಂಡಕ್ಕಿ ಅಂಗಡಿಯಲ್ಲಿ ಹೊನ್ನಾಳಿಯೂ. ಶಶಾಂಕ್ ಸಿಂಗ್ ಎಷ್ಟು ಹೊಡೆದರೂ 184ಕ್ಕೆ ನಿಂತಿತು. ಆರು ರನ್. ‘ಈ ಸಲ ಕಪ್ ನಮ್ದೇ’ ಅಂತ ಪ್ರತಿ ವರ್ಷ ಹೇಳಿ ಪ್ರತಿ ವರ್ಷ ಉಗಿಸಿಕೊಂಡವರ ಸಂಕಟ ಉಳಿದ ತಂಡದ ಅಭಿಮಾನಿಗಳಿಗೆ ಗೊತ್ತಾಗುವುದಿಲ್ಲ. ಅಂಗಡಿಯ ಅಣ್ಣ ಆ ರಾತ್ರಿ ಮಿರ್ಚಿಗೆ ದುಡ್ಡು ತಗೊಳ್ಳಲಿಲ್ಲ. ದಾವಣಗೆರೆಯ ರಸ್ತೆಯಲ್ಲಿ ಬೈಕುಗಳ ಹಾರ್ನಿಗೆ ನಾಯಿಗಳೆಲ್ಲ ಊರು ಬಿಟ್ಟವು.

‘ನಾಳೆ ಬೆಂಗಳೂರಿಗೆ ಬರ್ತಾರಂತೆ, ಹೋಗೋಣ ಬರ್ರೋ’ ಅಂದ ಹೊನ್ನಾಳಿ. ಚನ್ನಗಿರಿಗೆ ಲ್ಯಾಬ್ ಇತ್ತು. ಜಗಳೂರು ತಲೆ ಅಲ್ಲಾಡಿಸಿದ. ನನ್ನ ಹತ್ತಿರ ದುಡ್ಡಿರಲಿಲ್ಲ. ಇದ್ದಿದ್ದರೆ ಹೋಗುತ್ತಿದ್ದೆ, ಇದನ್ನು ಮುಚ್ಚಿಡುವುದಿಲ್ಲ. ಹೊನ್ನಾಳಿ ಕೆಂಪು ಜೆರ್ಸಿಯಲ್ಲೇ ರಾತ್ರಿ ಬಸ್ಸು ಹತ್ತಿದ. ಬೆನ್ನ ಮೇಲೆ 18.

ಮರುದಿನ ಬೆಳಿಗ್ಗೆಯಿಂದ ಟಿ.ವಿ.ಯಲ್ಲಿ ಬೇರೆ ಲೋಕವೇ ಇರಲಿಲ್ಲ. ವಿಮಾನ ಹೊರಟಿತು, ವಿಮಾನ ಇಳಿಯಿತು, ಬಸ್ಸು ಬಂತು. ಉಪ ಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಎಚ್‌ಎಎಲ್ ವಿಮಾನ ನಿಲ್ದಾಣಕ್ಕೇ ಹೋಗಿ ತಂಡವನ್ನು ಬರಮಾಡಿಕೊಂಡರು. ವಿಧಾನಸೌಧದ ಮೆಟ್ಟಿಲ ಮೇಲೆ ಸರ್ಕಾರದ ಸನ್ಮಾನ, ಆಮೇಲೆ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಕಾರ್ಯಕ್ರಮ. ತೆರೆದ ಬಸ್ಸಿನ ಮೆರವಣಿಗೆ ಇದೆ ಅಂತ ಒಂದು ಸುದ್ದಿ, ಇಲ್ಲ ಅಂತ ಇನ್ನೊಂದು. ‘ಜನಸಾಗರ’, ‘ಹುಚ್ಚೆದ್ದ ಅಭಿಮಾನಿಗಳು’ ಎನ್ನುತ್ತಾ ಮೇಲಿನಿಂದ ತಲೆಗಳನ್ನು ತೋರಿಸುತ್ತಿದ್ದರು. ಬೆಂಚಿನ ಮೇಲೆ ಕೂತು ನಾವು ಆ ಕೆಂಪು ರಾಶಿಯಲ್ಲಿ ಹೊನ್ನಾಳಿಯನ್ನು ಹುಡುಕುವ ಆಟ ಆಡಿದೆವು. ‘ಅಲ್ನೋಡು, ಮರದ ಮೇಲೆ ಹತ್ತಿರೋದು ಅವನೇ.’ ನಕ್ಕೆವು.

ಸಂಜೆ ಹೊತ್ತಿಗೆ ಪರದೆಯ ಕೆಳಗಿನ ಪಟ್ಟಿ ಬದಲಾಯಿತು. ಕ್ರೀಡಾಂಗಣದ ಗೇಟುಗಳ ಹತ್ತಿರ ಕಾಲ್ತುಳಿತ. ಸಾವು. ನಾವು ನೋಡುತ್ತಿದ್ದ ಚಾನೆಲ್‌ನಲ್ಲಿ ಪರದೆಯನ್ನು ಎರಡು ಭಾಗ ಮಾಡಿದ್ದರು: ಎಡಕ್ಕೆ ಕಪ್ಪು, ಹೂವಿನ ಹಾರ, ಪೇಟ, ಬಲಕ್ಕೆ ಆಂಬುಲೆನ್ಸ್, ರಸ್ತೆ ತುಂಬ ಒಂಟಿ ಚಪ್ಪಲಿಗಳು. ಸಂಖ್ಯೆ ಏರುತ್ತಾ ಹೋಯಿತು. ಮೂಲೆಯಲ್ಲಿ, ರನ್ ತೋರಿಸುವ ಹಾಗೇ ದಪ್ಪಕ್ಷರದಲ್ಲಿ. ಅದೇ ಬಣ್ಣ, ಅದೇ ಜಾಗ. ಯಾರೋ ಸ್ಕೋರ್ ಬೋರ್ಡಿನ ಡಿಸೈನನ್ನೇ ಎತ್ತಿ ಇಟ್ಟಿದ್ದರೇನೋ. ಕೊನೆಗೆ 11ಕ್ಕೆ ನಿಂತಿತು.

ಹೊನ್ನಾಳಿಯ ಫೋನು ಸ್ವಿಚ್ ಆಫ್.

ಹತ್ತು ಸಲ, ಇಪ್ಪತ್ತು ಸಲ ಹಚ್ಚಿದೆವು. ಆಗ ನನ್ನ ಫೋನು ಹೊಡೆದುಕೊಂಡಿತು. ಅವನ ಅಮ್ಮ. ಊರಿನಲ್ಲಿ ಅವರೂ ಅದೇ ಟಿ.ವಿ. ನೋಡುತ್ತಿದ್ದರು.

‘ನಮ್ಮ ಹುಡುಗ ಫೋನ್ ಎತ್ತಾ ಇಲ್ಲಪ್ಪ. ರೂಮಲ್ಲಿ ಇದಾನೆ ತಾನೆ?’

ಅವನು ಬೆಂಗಳೂರಿಗೆ ಹೋಗಿದ್ದು ಮನೆಯಲ್ಲಿ ಗೊತ್ತಿರಲಿಲ್ಲ. ನಾನು ಅಂದೆ: ‘ಲೈಬ್ರರಿಗೆ ಹೋಗಿದಾನಮ್ಮ. ಅಲ್ಲಿ ಫೋನ್ ಆಫ್ ಮಾಡಿಸ್ತಾರೆ.’

‘ಹಂಗಾದ್ರೆ ಸರಿ ಬಿಡಪ್ಪ. ಬಂದ ತಕ್ಷಣ ಮಾಡೋಕೆ ಹೇಳು.’ ಇಟ್ಟರು. ಅವರ ಉಸಿರು ಹಗುರಾದದ್ದು ನನಗೆ ಕೇಳಿಸಿತು. ಚನ್ನಗಿರಿ ನನ್ನನ್ನು ನೋಡಿದ, ನಾನು ಟಿ.ವಿ. ನೋಡಿದೆ. ಎಡಗಡೆ ಇನ್ನೂ ಚಪ್ಪಾಳೆ.

ಆಮೇಲಿನ ಮೂರು ಗಂಟೆ ಹೇಗೆ ಕಳೆಯಿತು ಎಂದು ಹೇಳಲು ನನಗೆ ಬರುವುದಿಲ್ಲ. ಆಸ್ಪತ್ರೆಗಳ ಹೆಸರು ಟಿ.ವಿ.ಯಲ್ಲಿ ಬಂದಂತೆ ಬರೆದುಕೊಂಡೆವು. ಜಗಳೂರು ಒಂದೊಂದಕ್ಕೂ ಫೋನ್ ಹಚ್ಚಿದ. ದಿನಕ್ಕೆ ಹತ್ತು ಮಾತಾಡದವನು ಗೊತ್ತಿಲ್ಲದವರ ಹತ್ತಿರ ‘ಸರ್, ಎತ್ತರ ಐದೂವರೆ ಅಡಿ, ಎಡ ಹುಬ್ಬಿನ ಮೇಲೆ ಗಾಯದ ಗುರುತು’ ಎಂದು ಹೇಳುತ್ತಲೇ ಇದ್ದ. ಹೆಸರು ಹೇಳುವಾಗ ಒಂದು ಸಲ ತಡೆದ. ಎರಡು ವರ್ಷದಿಂದ ಯಾರೂ ಆ ಹೆಸರು ಹಿಡಿದು ಕರೆದಿರಲಿಲ್ಲವಲ್ಲ.

ಒಂಬತ್ತರ ಹತ್ತಿರ ಗುರುತಿಲ್ಲದ ನಂಬರಿನಿಂದ ಕರೆ. ಮೆಜೆಸ್ಟಿಕ್ಕಿನಲ್ಲಿ ಯಾರದೋ ಮೊಬೈಲ್ ಇಸಿದುಕೊಂಡು ಮಾಡಿದ್ದ. ‘ನಾನು ಇದೀನಿ ಕಣ್ರೋ’ ಅಂದ. ಅಷ್ಟೇ. ಬೆಳಗಿನ ಜಾವ ಬಂದಾಗ ಕಾಲಲ್ಲಿ ಒಂದು ಅವನ ಚಪ್ಪಲಿ, ಇನ್ನೊಂದು ಯಾರದೋ. ಜೆರ್ಸಿಯ ಕಾಲರು ಹರಿದಿತ್ತು. ಎರಡು ದಿನ ಏನೂ ಹೇಳಲಿಲ್ಲ. ಮೂರನೇ ದಿನ ರಾತ್ರಿ ದೀಪ ಆರಿಸಿದ ಮೇಲೆ ಹೇಳಿದ: ‘ನನ್ನ ಕಾಲು ನೆಲದ ಮೇಲೆ ಇರ್ಲಿಲ್ಲ. ಜನಾನೇ ಎತ್ಕೊಂಡ್ ಹೋಗ್ತಿದ್ರು. ಹಿಂದಿಂದ ಯಾರೋ ಕಾಲರ್ ಹಿಡ್ಕೊಂಡಿದ್ರು. ಆಮೇಲೆ ಬಿಟ್ರು. ಅವರೇ ಬಿಟ್ರೋ, ಕೈ ಜಾರ್ತೋ ಗೊತ್ತಿಲ್ಲ.’

ಅವನು ತಂಡವನ್ನೂ ನೋಡಲಿಲ್ಲ, ಕಪ್ಪನ್ನೂ ನೋಡಲಿಲ್ಲ. ಎರಡನ್ನೂ ಬೆಂಚಿನ ಮೇಲೆ ಕೂತು ನಾವು ನೋಡಿದೆವು.

ಮುಂದಿನದು ನಿಮಗೆಲ್ಲ ಗೊತ್ತು. ಸುಮಾರು 35 ಸಾವಿರ ಜನ ಹಿಡಿಸುವ ಕ್ರೀಡಾಂಗಣಕ್ಕೆ ಎರಡು–ಮೂರು ಲಕ್ಷ ಜನ ಬಂದಿದ್ದರು ಎಂದರು ಮುಖ್ಯಮಂತ್ರಿ. ಬೆಂಗಳೂರು ಪೊಲೀಸ್ ಕಮಿಷನರ್ ಸೇರಿ ಐವರು ಅಧಿಕಾರಿಗಳು ಅಮಾನತಾದರು. ನ್ಯಾಯಮೂರ್ತಿ ಮೈಕೆಲ್ ಕುನ್ಹಾ ಆಯೋಗ ಬಂತು. ಪರಿಹಾರ ಮೊದಲು 10 ಲಕ್ಷ ಎಂದರು, ಆಮೇಲೆ 25 ಲಕ್ಷ. ಟಿ.ವಿ.ಯಲ್ಲಿ ಮಾತ್ರ ಎರಡೇ ದಿನದಲ್ಲಿ ಮತ್ತೆ ಆರು ಕಿಟಕಿ. ‘ರಾಜೀನಾಮೆ ಕೊಡಿ’ ಅಂತ ಒಬ್ಬರು, ‘ಕುಂಭಮೇಳದಲ್ಲಿ ಏನಾಯ್ತು’ ಅಂತ ಇನ್ನೊಬ್ಬರು. ಯಾರ ಸ್ಕೋರು ಎಷ್ಟು, ಯಾರು ಔಟು. ಸತ್ತವರಲ್ಲಿ ನಮ್ಮ ಹಾಗೆ ಎಂಜಿನಿಯರಿಂಗ್ ಓದುತ್ತಿದ್ದವರೂ ಇದ್ದರು. ಅವರ ಹೆಸರು ಕೇಳಿದರೆ ನಮ್ಮ ಬೆಂಚಿನ ಮೇಲೆ ಯಾರಿಗೂ ಹೇಳಲು ಬರುವುದಿಲ್ಲ; ಕೊನೇ ಓವರಿನ ಆರೂ ಬಾಲು ಬಾಯಿಪಾಠ. ಇದರಲ್ಲಿ ಟಿ.ವಿ.ಯನ್ನು ಬೈದು ನಾನು ತಪ್ಪಿಸಿಕೊಳ್ಳುವ ಹಾಗಿಲ್ಲ. ಬೆಳಿಗ್ಗೆ ಆ ತಲೆಗಳನ್ನು ನೋಡಿ ನಕ್ಕವನು ನಾನೇ.

ಜಗಳೂರಿನ ಬಗ್ಗೆ ಹೇಳುತ್ತೇನೆ ಅಂದಿದ್ದೆ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೊ–ಖೊ ವಿಶ್ವಕಪ್ ನಡೆಯಿತು. ಭಾರತದ ಪುರುಷರೂ ಮಹಿಳೆಯರೂ ನೇಪಾಳವನ್ನು ಸೋಲಿಸಿ ಗೆದ್ದರು. ಎರಡೂ ತಂಡಗಳಲ್ಲಿ ಕರ್ನಾಟಕದವರಿದ್ದರು, ಎಂ.ಕೆ. ಗೌತಮ್ ಮತ್ತು ಬಿ. ಚೈತ್ರಾ. ಫೈನಲ್ ದಿನ ಜಗಳೂರು ಮಂಡಕ್ಕಿ ಅಂಗಡಿಗೆ ಬಂದು, ಜೀವನದಲ್ಲಿ ಮೊದಲ ಸಲ, ‘ಅಣ್ಣ, ಚಾನೆಲ್ ಚೇಂಜ್ ಮಾಡ್ತೀಯಾ?’ ಅಂತ ಕೇಳಿದ. ಬೇರೆ ಗಿರಾಕಿಗಳು ಒಪ್ಪಲಿಲ್ಲ. ಮೊಬೈಲಿನಲ್ಲಿ ನೋಡಿದ, ನಮಗೂ ತೋರಿಸಿದ. ಪೋಲ್ ಡೈವ್ ಹೇಗೆ, ಕಂಬದ ಹತ್ತಿರ ಮೈ ಹೇಗೆ ತಿರುಗಿಸಬೇಕು ಎಂದು ರೂಮಿನ ಬಾಗಿಲ ಚೌಕಟ್ಟು ಹಿಡಿದು ಮಾಡಿ ತೋರಿಸಿದ. ಕೆಳಗಿನ ಮನೆಯವರು ಬಂದು ಬೈದು ಹೋದರು.

ಗೆದ್ದ ಆ ಇಬ್ಬರಿಗೂ ನಮ್ಮ ಸರ್ಕಾರ ತಲಾ 5 ಲಕ್ಷ ರೂಪಾಯಿ ಘೋಷಿಸಿತು. ಅವರು ಬೇಡ ಎಂದರು. ಮಹಾರಾಷ್ಟ್ರ ತನ್ನ ಆಟಗಾರರಿಗೆ ತಲಾ 2.25 ಕೋಟಿ ರೂಪಾಯಿ, ಜೊತೆಗೆ ಸರ್ಕಾರಿ ನೌಕರಿ ಕೊಟ್ಟಿತ್ತು. ಐದು ತಿಂಗಳ ನಂತರ ಒಂದು ಕಂಪನಿಯ ಕ್ರಿಕೆಟ್ ತಂಡಕ್ಕೆ ವಿಧಾನಸೌಧದ ಮೆಟ್ಟಿಲು ಸಿಂಗಾರಗೊಂಡಿತು. ಆರ್‌ಸಿಬಿ ಅಭಿಮಾನಿಯಾಗಿ ಇದನ್ನು ಬರೆಯಲು ನನಗೆ ಕಷ್ಟವಾಗುತ್ತದೆ, ಆದರೂ ಲೆಕ್ಕ ಲೆಕ್ಕವೇ. ಜಗಳೂರಿನ ಬಾಯಿಂದ ಈ ಬಗ್ಗೆ ಒಂದು ದೂರೂ ಬಂದಿಲ್ಲ. ಕ್ರೀಡಾ ಕೋಟಾದಲ್ಲಿ ಯಾವ ಇಲಾಖೆಗೆ ಯಾವಾಗ ಅರ್ಜಿ ಕರೆಯುತ್ತಾರೆ ಎಂಬ ಕಟಿಂಗುಗಳನ್ನು ಮಾತ್ರ ಡೈರಿಯಲ್ಲಿ ಅಂಟಿಸಿಟ್ಟಿದ್ದಾನೆ.

ಆಗಸ್ಟಿನಲ್ಲಿ ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆ ಬಂತು. ಒಂದು ಫ್ಯಾಂಟಸಿ ಆ್ಯಪಿನಲ್ಲಿ ಹನ್ನೊಂದು ಜನರ ‘ತನ್ನ ತಂಡ’ ಕಟ್ಟಿ ಕಟ್ಟಿ ಚನ್ನಗಿರಿ ಎಷ್ಟು ಕಳೆದುಕೊಂಡಿದ್ದ ಎಂಬುದು ಆ ರಾತ್ರಿ ಹೊರಬಿತ್ತು. ಒಂದು ಸೆಮಿಸ್ಟರಿನ ಮೆಸ್ ಬಿಲ್ಲು. ‘49 ರೂಪಾಯಿ ತಾನೆ ಅಂತ ಅನ್ನಿಸ್ತಿತ್ತು, ಪ್ರತಿ ಸಲಾನೂ’ ಅಂದ. ಅಡಿಕೆ ರೇಟು ಹೇಗೇ ಇರಲಿ, ಈಗ ದೋಸೆ ಬಿಲ್ಲು ಅವನಿಗೆ ಹಾಕುವುದನ್ನು ನಿಲ್ಲಿಸಿದ್ದೇವೆ.

ಸೆಪ್ಟೆಂಬರಿನ ಏಷ್ಯಾ ಕಪ್ಪಿನಲ್ಲಿ ಪಾಕಿಸ್ತಾನದವರ ಕೈ ಕುಲುಕಲಿಲ್ಲ, ಫೈನಲ್ ಗೆದ್ದರೂ ಟ್ರೋಫಿ ಇಸಿದುಕೊಳ್ಳಲಿಲ್ಲ. ಅಂಗಡಿಯಲ್ಲಿ ಎರಡು ಪಕ್ಷವಾಯಿತು. ‘ಆಡಲೇಬಾರದಿತ್ತು’ ಎನ್ನುವವರು, ‘ಆಡಿದ ಮೇಲೆ ಕೈ ಕೊಡಬೇಕಿತ್ತು’ ಎನ್ನುವವರು. ಎರಡರಲ್ಲೂ ಒಂದು ನ್ಯಾಯ ಇದೆ ಅನ್ನಿಸುತ್ತದೆ ನನಗೆ. ಆಡಿ ಜಾಹೀರಾತು ದುಡ್ಡು ಎಣಿಸಿಕೊಂಡು, ಕೈ ಮಾತ್ರ ಹಿಂದಕ್ಕೆ ಎಳೆದುಕೊಂಡದ್ದು ಯಾವ ನ್ಯಾಯವೋ ತಿಳಿಯಲಿಲ್ಲ. ತಿಲಕ್ ವರ್ಮಾ ಅಂಥ ಒತ್ತಡದಲ್ಲಿ ಔಟಾಗದೆ 69 ಹೊಡೆದದ್ದು ಈ ಗಲಾಟೆಯಲ್ಲಿ ಮುಳುಗಿಯೇ ಹೋಯಿತು. ಹೊನ್ನಾಳಿ ಈ ಯಾವ ಚರ್ಚೆಗೂ ಬರಲಿಲ್ಲ. ಜೂನ್ ಆದ ಮೇಲೆ ಅವನು ಕ್ರಿಕೆಟ್ ನೋಡುವುದನ್ನೇ ಬಿಟ್ಟಿದ್ದ. ನಾವು ಅಂಗಡಿಗೆ ಹೊರಟರೆ ‘ನೀವು ಹೋಗ್ರಿ, ಬಟ್ಟೆ ಒಗೀಬೇಕು’ ಅನ್ನುತ್ತಿದ್ದ. ಅಷ್ಟು ಸ್ವಚ್ಛವಾದ ಬಟ್ಟೆ ನಮ್ಮ ಕಾಲೇಜಿನಲ್ಲಿ ಯಾರದೂ ಇರಲಿಲ್ಲ.

ಗೌರಿ ಹಬ್ಬಕ್ಕೆ ಅವರ ಮನೆಗೆ ಹೋಗಿದ್ದೆ. ಹೊನ್ನಾಳಿಯಲ್ಲಿ ಹೊಳೆ ತುಂಬಿ ಹರಿಯುತ್ತಿತ್ತು. ಅವನ ಅಮ್ಮ ಎಲೆಗೆ ಹೋಳಿಗೆ ಹಾಕಿ, ಮೇಲೆ ತುಪ್ಪ ಬಿಡುತ್ತಾ, ಮುಖ ನೋಡದೆ ಕೇಳಿದರು: ‘ಲೈಬ್ರರೀಲಿ ಈಗ ಫೋನ್ ಆನ್ ಇಡೋಕೆ ಬಿಡ್ತಾರೇನಪ್ಪ?’ ನನ್ನ ತುತ್ತು ಗಂಟಲಲ್ಲೇ ನಿಂತಿತು. ಯಾರು ಹೇಳಿದರೋ, ಯಾವಾಗ ಹೇಳಿದರೋ ಕೇಳುವ ಧೈರ್ಯ ಬರಲಿಲ್ಲ. ಇನ್ನೊಂದು ಹೋಳಿಗೆ ಹಾಕಿ ಒಳಗೆ ಹೋದರು. ಟ್ರಂಕಿನ ಮೇಲೆ ಆ ಜೆರ್ಸಿ ಮಡಚಿಟ್ಟಿತ್ತು. ಕಾಲರಿಗೆ ಹೊಲಿಗೆ ಹಾಕಿದ್ದರು, ಕೈಯಲ್ಲೇ, ಸಣ್ಣ ಸಣ್ಣ ಹೊಲಿಗೆ.

ನವೆಂಬರ್ 2, ಭಾನುವಾರ. ಮಹಿಳೆಯರ ವಿಶ್ವಕಪ್ ಫೈನಲ್. ಮಳೆಯಿಂದ ತಡವಾಗಿ ಶುರುವಾಯಿತು. ಭಾರತ 7 ವಿಕೆಟಿಗೆ 298. ರಾತ್ರಿ ಅಂಗಡಿ ಮುಚ್ಚುವ ಹೊತ್ತಾಗಿ, ಉಳಿದದ್ದನ್ನು ರೂಮಿನಲ್ಲಿ ಜಗಳೂರಿನ ಮೊಬೈಲಿನಲ್ಲಿ ನೋಡಲು ಕೂತೆವು. ಮೂರು ತಲೆ, ಒಂದು ಪರದೆ. ಹೊನ್ನಾಳಿ ಗೋಡೆಗೆ ಮುಖ ಮಾಡಿ ಮಲಗಿದ್ದ. ದಕ್ಷಿಣ ಆಫ್ರಿಕಾದ ವೋಲ್ವಾರ್ಟ್ ಶತಕ ಹೊಡೆದು ನಿಂತಿದ್ದಳು. ಅವಳಿದ್ದರೆ ಕಪ್ಪು ಅವರದೇ. ದೀಪ್ತಿ ಶರ್ಮಾ ಬಾಲು, ಎತ್ತಿ ಹೊಡೆದಳು, ಬಾಲು ಮೇಲೆ ಹೋಯಿತು. ಅಮನ್‌ಜೋತ್ ಓಡಿ ಬಂದು ಹಿಡಿದಳು, ಜಾರಿತು, ಮತ್ತೆ ಹಿಡಿದಳು, ಮತ್ತೆ ಜಾರಿತು. ನಾವು ಮೂವರೂ ಉಸಿರು ಬಿಗಿ ಹಿಡಿದಿದ್ದೆವು.

‘ಹಿಡಿದ್ಲೇನೋ?’ ಗೋಡೆ ಕಡೆಯಿಂದ ದನಿ.

‘ಹಿಡಿದ್ಲು.’

ಸ್ವಲ್ಪ ಹೊತ್ತಿಗೆ ದಿಂಬು ಎತ್ತಿಕೊಂಡು ಬಂದು ನನ್ನ ಪಕ್ಕದಲ್ಲಿ ಕೂತ. ‘ಸರಿ ಅತ್ಲಾಗೆ’ ಅಂದ. ಸರಿದೆ. ಕೊನೇ ವಿಕೆಟ್ ಬಿದ್ದಾಗ ಹನ್ನೆರಡು ದಾಟಿತ್ತು. 52 ರನ್‌ಗಳ ಗೆಲುವು. ಹರ್ಮನ್‌ಪ್ರೀತ್ ಬಾಲು ಹಿಡಿದುಕೊಂಡು ಓಡುತ್ತಿದ್ದಳು. ಚನ್ನಗಿರಿ ಕೂಗಿದ್ದಕ್ಕೆ ಕೆಳಗಿನ ಮನೆಯಲ್ಲಿ ಲೈಟು ಹತ್ತಿತು.

ಅಷ್ಟರಲ್ಲಿ ಹೊನ್ನಾಳಿಯ ಫೋನು. ವಿಡಿಯೊ ಕಾಲ್. ಅವರೂ ಎಚ್ಚರವಿದ್ದರು.

‘ಎಲ್ಲಿದೀಯೋ?’

‘ರೂಮಲ್ಲೇ ಇದೀನಮ್ಮ.’

‘ಕ್ಯಾಮೆರಾ ತಿರುಗಿಸು ನೋಡಾನ.’

ತಿರುಗಿಸಿದ. ಕುಕ್ಕರು, ಹಗ್ಗದ ಮೇಲಿನ ಬಟ್ಟೆ, ಚನ್ನಗಿರಿ, ಜಗಳೂರು, ಆಮೇಲೆ ನಾನು. ನಾನು ಕೈ ಎತ್ತಿದೆ.

‘ಆ ಲೈಬ್ರರಿ ಹುಡುಗಾನೂ ಇದಾನಾ? ಸರಿ, ಮಲಕ್ಕೊಳ್ರಿ. ಬೆಳಿಗ್ಗೆ ಕಾಲೇಜೈತೆ’ ಅಂದರು.